ಬರೆಯದ ಷರತ್ತಿಗೆ ಬಲಿಯಾದ ಕಾನೂನು

ಕ್ಯಾಲಿಫೋರ್ನಿಯಾ 1999ರಲ್ಲಿ ಒಂದು ಕಾನೂನು ಮಾಡಿತು. ರಾಜ್ಯದಲ್ಲಿ ವ್ಯವಹರಿಸುವ ವಿಮಾ ಕಂಪನಿಗಳು, 1920ರಿಂದ 1945ರವರೆಗೆ ತಾವಾಗಲಿ ತಮ್ಮ ಸಂಬಂಧಿ ಕಂಪನಿಗಳಾಗಲಿ ಯೂರೋಪಿನಲ್ಲಿ ಮಾರಿದ ಪಾಲಿಸಿಗಳ ವಿವರವನ್ನು ಬಹಿರಂಗಪಡಿಸಬೇಕು. ಇಲ್ಲವಾದರೆ ಪರವಾನಗಿ ಅಮಾನತು. ಕೇಳಿದ್ದು ದುಡ್ಡನ್ನಲ್ಲ, ಪಟ್ಟಿಯನ್ನು. ನಾಜಿಗಳಿಗೆ ಬಲಿಯಾದ ಯಹೂದಿಗಳ ವಾರಸುದಾರರು ಹಣ ಕೇಳಲು ಹೋದಾಗ ಮರಣ ಪ್ರಮಾಣಪತ್ರ ತನ್ನಿ ಎಂದ ಕಂಪನಿಗಳಿದ್ದವು. ಗ್ಯಾಸ್ ಚೇಂಬರಿನ ಬಾಗಿಲಲ್ಲಿ ಅದನ್ನು ಬರೆದುಕೊಡುವ ಗುಮಾಸ್ತ ಯಾರಿದ್ದ?

ಈ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 2003ರಲ್ಲಿ, ಗರಮೆಂಡಿ ಪ್ರಕರಣದಲ್ಲಿ, 5–4ರ ಬಹುಮತದಿಂದ ಹೊಡೆದುಹಾಕಿತು. ಕ್ಲಿಂಟನ್ ಸರ್ಕಾರ 2000ದಲ್ಲಿ ಜರ್ಮನಿಯೊಂದಿಗೆ ಮಾಡಿಕೊಂಡ ಒಪ್ಪಂದಕ್ಕೆ ಅದು ಅಡ್ಡಿ ಎಂಬುದು ಕಾರಣ. ಆ ಒಪ್ಪಂದದ ಪ್ರಕಾರ ಪರಿಹಾರಕ್ಕೆ 1000 ಕೋಟಿ ಮಾರ್ಕ್ ನಿಧಿ, ವಿಮೆಯ ತಕರಾರುಗಳಿಗೆ ಅಂತರರಾಷ್ಟ್ರೀಯ ಆಯೋಗ. ಸೆನೆಟ್ಟಿನ ಮೂರನೇ ಎರಡರಷ್ಟು ಮತ ಪಡೆದ ಸಂಧಿಯಲ್ಲ ಅದು, ಅಧ್ಯಕ್ಷರ ಅಧಿಕಾರದಲ್ಲಿ ನಡೆದದ್ದು.

ಸರಿ, ಅಂಥ ಒಪ್ಪಂದಕ್ಕೂ ಬಲವಿದೆ ಎಂದೇ ಇಟ್ಟುಕೊಳ್ಳೋಣ. 1933ರಲ್ಲಿ ರೂಸ್‌ವೆಲ್ಟ್ ಸೋವಿಯತ್ ಒಕ್ಕೂಟಕ್ಕೆ ಮಾನ್ಯತೆ ಕೊಟ್ಟಾಗ, ಅಮೆರಿಕದಲ್ಲಿದ್ದ ರಷ್ಯನ್ ಆಸ್ತಿಗಳ ಮೇಲಿನ ಹಕ್ಕನ್ನು ಸೋವಿಯತ್ ವಿದೇಶಾಂಗ ಮಂತ್ರಿ ಲಿಟ್ವಿನೋವ್ ಅಮೆರಿಕ ಸರ್ಕಾರಕ್ಕೇ ಬರೆದುಕೊಟ್ಟರು. ನ್ಯೂಯಾರ್ಕ್ ರಾಜ್ಯದ ಕಾನೂನು ಅದಕ್ಕೆ ಅಡ್ಡ ಬರುವಂತಿಲ್ಲವೆಂದು ಸುಪ್ರೀಂ ಕೋರ್ಟ್ 1937ರ ಬೆಲ್ಮಾಂಟ್, 1942ರ ಪಿಂಕ್ ತೀರ್ಪುಗಳಲ್ಲಿ ಹೇಳಿತು. ಅಲ್ಲಿ ಹಕ್ಕಿನ ವರ್ಗಾವಣೆ ಕಾಗದದ ಮೇಲೇ ಇತ್ತು.

ಜರ್ಮನ್ ಒಪ್ಪಂದದಲ್ಲಿ ಏನಿದೆ? ರಾಜ್ಯಗಳ ಕಾನೂನು ನಡೆಯದು ಎಂಬ ಸಾಲಿಲ್ಲ. ಜರ್ಮನ್ ಕಂಪನಿಗಳ ಮೇಲೆ ದಾವೆ ಬಿದ್ದರೆ, ಅದು ಆ ನಿಧಿಯ ಮೂಲಕವೇ ಬಗೆಹರಿಯುವುದು ನಮ್ಮ ವಿದೇಶಾಂಗ ಹಿತಕ್ಕೆ ಒಳ್ಳೆಯದೆಂದು ಕೋರ್ಟಿಗೆ ತಿಳಿಸುತ್ತೇವೆ ಎಂಬುದು ಅಮೆರಿಕ ಕೊಟ್ಟ ಮಾತು. ಆ ಹಿತವೊಂದೇ ದಾವೆ ವಜಾ ಮಾಡಲು ಸ್ವತಂತ್ರ ಆಧಾರವಲ್ಲ ಎಂದೂ ಅದರಲ್ಲೇ ಬರೆದಿದೆ! ಸಹಿ ಹಾಕಿದವರೇ ಕೇಳದ ವರವನ್ನು ನ್ಯಾಯಮೂರ್ತಿ ಸೂಟರ್ ಅವರ ತೀರ್ಪು ಕರುಣಿಸಿತು. ಭಿನ್ನಮತದಲ್ಲಿ ಗಿನ್ಸ್‌ಬರ್ಗ್ ಒಪ್ಪಂದದ ಈ ಮೌನವನ್ನೇ ಎತ್ತಿ ತೋರಿಸಿದರು; ಅವರ ಜೊತೆ ನಿಂತವರಲ್ಲಿ ಸ್ಕಾಲಿಯಾ, ಥಾಮಸ್ ಕೂಡ ಇದ್ದರು. ಉದಾರವಾದಿ ಗಿನ್ಸ್‌ಬರ್ಗ್ ಮತ್ತು ಆ ಇಬ್ಬರು ಸಂಪ್ರದಾಯವಾದಿಗಳು ಭಿನ್ನಮತದಲ್ಲಿ ಒಂದಾಗುವುದು ಅಪರೂಪವಾಗಿತ್ತು.

ಐವತ್ತು ರಾಜ್ಯಗಳು ಐವತ್ತು ವಿದೇಶಾಂಗ ನೀತಿ ನಡೆಸಲಾಗದು, ಒಪ್ಪಿದೆ. ಹಾಗಿದ್ದರೆ ಕಾಂಗ್ರೆಸ್ ಕಾನೂನು ಮಾಡಲಿ, ಮತದಾರರೆದುರು ಜವಾಬ್ದಾರಿ ಹೊರಲಿ. ಅದಾಗಲಿಲ್ಲ. 2010ರಲ್ಲಿ ನ್ಯೂಯಾರ್ಕಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ ಇದೇ ಗರಮೆಂಡಿ ತೀರ್ಪನ್ನು ಹಿಡಿದು ಜನರಾಲಿ ವಿಮಾ ಕಂಪನಿಯ ಮೇಲಿನ ದಾವೆಗಳಿಗೂ ಬಾಗಿಲು ಮುಚ್ಚಿತು. ಜನರಾಲಿ ಇಟಲಿಯದು. ಇಟಲಿಯೊಂದಿಗೆ ಅಮೆರಿಕ ಅಂಥ ಒಪ್ಪಂದವನ್ನೇ ಮಾಡಿಕೊಂಡಿರಲಿಲ್ಲ.