ಡಾಕ್ಟರೇ ಆಗಬೇಕೆ?
ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಎಷ್ಟೋ ಮನೆಗಳ ಅಟ್ಟದ ಕೊಬ್ಬರಿ ಮಾರಿದ ದುಡ್ಡು ಮಕ್ಕಳ ನೀಟ್ ಕೋಚಿಂಗ್ ಫೀಸಿಗೆ ಹೋಗುತ್ತದೆ. ಸೀಟು ಸಿಗದಿದ್ದರೆ ‘ಹೋಗಲಿ, ಪ್ಯಾರಾಮೆಡಿಕಲ್‌ಗೆ ಸೇರು ಮಗಾ’ ಎನ್ನುತ್ತಾರೆ ಹಿರಿಯರು. ಹಾಗೆ ಸಮಾಧಾನಕ್ಕೆಂದು ಸೇರುವ ಕೆಲಸವಲ್ಲ ಅದು. ತೆಂಗಿನ ಮರದಿಂದ ಬಿದ್ದವನನ್ನು ಗಾಬರಿಯಲ್ಲಿ ಕೈಕಾಲು ಹಿಡಿದೆತ್ತಿ ಆಟೊಗೆ ಹಾಕಿದರೆ, ಮುರಿದ ಬೆನ್ನುಮೂಳೆ ಸರಿದು ಅವನು ಜೀವಮಾನವಿಡೀ ಹಾಸಿಗೆ ಹಿಡಿಯಬಹುದು. ಪ್ಯಾರಾಮೆಡಿಕಲ್ ತರಬೇತಿ ಪಡೆದ ತುರ್ತು ಸಿಬ್ಬಂದಿ ಕುತ್ತಿಗೆಗೆ ಪಟ್ಟಿ ಹಾಕಿ, ತಲೆ ಅಲುಗದಂತೆ ಹಿಡಿದು, ಇಡೀ ಮೈಯನ್ನು ಒಟ್ಟಿಗೇ ಹೊರಳಿಸಿ ಹಲಗೆಗೆ ಕಟ್ಟುತ್ತಾರೆ. 2008ರಲ್ಲಿ ರಾಜ್ಯದಲ್ಲಿ 108 ಆಂಬುಲೆನ್ಸ್ ಶುರುವಾದ ಮೇಲೆ ಈ ಕೌಶಲ ತೋಟದ ಬದುವಿನವರೆಗೂ ಬಂದಿದೆ. ಡಾಕ್ಟರ ದಾರಿಯೇ ಬೇರೆ: ಇಂಟರ್ನ್‌ಶಿಪ್ ಸೇರಿ ಎಂಬಿಬಿಎಸ್‌ಗೇ ಐದೂವರೆ ವರ್ಷ, ತಜ್ಞರಾಗಲು ಇನ್ನೂ 3 ವರ್ಷ, ರೋಗ ಗುರುತಿಸಿ ಔಷಧಿ ಬರೆಯುವ ಹೊಣೆ ಅವರದು. ಪ್ಯಾರಾಮೆಡಿಕ್ ಬೇಗ ದುಡಿಮೆಗೆ ಹತ್ತುತ್ತಾರೆ, ಆದರೆ ಸಂಬಳ ಕಡಿಮೆ, ರಾತ್ರಿ ಪಾಳಿ ತಪ್ಪದು. ಮುಂದೆ ಡಾಕ್ಟರಾಗುವ ಮನಸ್ಸಾದರೆ ಮತ್ತೆ ನೀಟ್ ಬರೆಯಲೇಬೇಕು. ಪ್ಯಾರಾಮೆಡಿಕಲ್‌ನಂಥ ವೃತ್ತಿಗಳಿಗೆ ಮಾನದಂಡ, ನೋಂದಣಿ ತರಲು 2021ರಲ್ಲಿ ಕೇಂದ್ರ ಕಾಯ್ದೆಯೇ ಬಂದಿದೆ. ಸಂಬಳ, ಗೌರವಗಳೂ ಅದಕ್ಕೆ ತಕ್ಕಂತೆ ಬರಬೇಕು. ವರ್ಷಗಟ್ಟಲೆ ಕೂತು ಓದುವ, ಹೊಣೆ ಹೊರುವ ಹಂಬಲವಿದ್ದವರು ಡಾಕ್ಟರಾಗಲಿ. ಅಪಘಾತದ ಜಾಗದಲ್ಲಿ ಕೈ ನಡುಗದವರು ಆಂಬುಲೆನ್ಸ್ ಹತ್ತಲಿ. ಅಪ್ಪ ಅಮ್ಮಂದಿರೇ, ರ‍್ಯಾಂಕ್ ಕೇಳುವ ಮುಂಚೆ ಮಗುವಿನ ಮನಸ್ಸನ್ನು ಕೇಳಿ.