ನೋವಿಗೆ ಅರ್ಥ ಹೇಳುವ ಅಧಿಕಾರ ಯಾರದು?

ಸುಮಾರು ಮೂವತ್ತೈದು ವರ್ಷಗಳ ಹಿಂದಿನ ಮಾತು. ಆಗ ನಾನು ಉಪವಿಭಾಗಾಧಿಕಾರಿ. ಪೋಲಿಯೊದಿಂದ ಎರಡೂ ಕಾಲುಗಳ ಶಕ್ತಿ ಕಳೆದುಕೊಂಡಿದ್ದ ಮಗನನ್ನು ಸೊಂಟದ ಮೇಲೆ ಹೊತ್ತು ತಾಯಿಯೊಬ್ಬಳು ಮಾಸಾಶನದ ಅರ್ಜಿಯೊಡನೆ ಬಂದಿದ್ದಳು. ಅದು ಆಕೆಯ ಮೂರನೆಯ ಅಲೆದಾಟ. ಕಡತದಲ್ಲಿ ಒಂದು ದೃಢೀಕರಣ ಪತ್ರದ ಕೊರತೆಯಿತ್ತು. ಸಾಂತ್ವನವೆಂದು ಭಾವಿಸಿ, 'ಎಲ್ಲವೂ ದೇವರ ಇಚ್ಛೆಯಮ್ಮ' ಎಂದೆ. 'ನೀವು ಸಹಿ ಹಾಕದೆ ಇರೋದೂ ಅವನ ಇಚ್ಛೆಯಾ ಸ್ವಾಮಿ?' ಎಂದಳು. ಅಂದೂ ಆಕೆ ಬರಿಗೈಯಲ್ಲಿಯೇ ಹಿಂದಿರುಗಿದಳು.

ನಿವೃತ್ತಿಯ ಬಳಿಕ ಬೈಬಲನ್ನು ಓದುವಾಗ, ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ ಆ ಪ್ರಶ್ನೆ ಮತ್ತೆ ಎದುರಾಯಿತು. ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು, ಇದು ಇವನ ಪಾಪದ ಫಲವೋ ಹೆತ್ತವರ ಪಾಪದ ಫಲವೋ ಎಂದು ವಿಚಾರಿಸುತ್ತಾರೆ. ಕರ್ಮಫಲದ ಮಾತು ಕೇಳಿ ಬೆಳೆದ ನಮಗೆ ಈ ಪ್ರಶ್ನೆ ಅಪರಿಚಿತವಲ್ಲ. ಯೇಸು ಎರಡನ್ನೂ ನಿರಾಕರಿಸುತ್ತಾನೆ. ದೇವರ ಕಾರ್ಯ ಅವನಲ್ಲಿ ಪ್ರಕಟವಾಗಬೇಕಾಗಿದೆ ಎನ್ನುತ್ತಾನೆ. ಅಷ್ಟಕ್ಕೇ ನಿಲ್ಲದೆ, ಹಗಲಿರುವಾಗಲೇ ಕೆಲಸ ಮಾಡಬೇಕೆಂದು ಹೇಳಿ ಮಣ್ಣು ಕಲಸಲು ತೊಡಗುತ್ತಾನೆ. 'ಏಕೆ ಹೀಗಾಯಿತು' ಎಂಬ ಪ್ರಶ್ನೆ 'ಈಗ ಏನು ಮಾಡಬೇಕು' ಎಂಬ ಕರ್ತವ್ಯವಾಗಿ ಬದಲಾಗುವುದು ಇಲ್ಲಿಯೇ.

ಈ ನಂಬಿಕೆಯನ್ನು ಬಾಳಿ ತೋರಿದವರು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾ. ಮೇರಿ ವರ್ಗೀಸ್. ಕೊಚ್ಚಿಯಲ್ಲಿ ಹುಟ್ಟಿದ ಈ ಯುವ ವೈದ್ಯೆ 1954ರ ಕಾರು ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ನಡೆಯುವ ಶಕ್ತಿಯನ್ನು ಶಾಶ್ವತವಾಗಿ ಕಳೆದುಕೊಂಡರು. ಕುಷ್ಠರೋಗಿಗಳ ಮುದುಡಿದ ಬೆರಳುಗಳಿಗೆ ಸ್ನಾಯುರಜ್ಜು ಬದಲಿಸಿ ಚಲನೆ ಮರಳಿಸುತ್ತಿದ್ದ ಶಸ್ತ್ರಚಿಕಿತ್ಸಕ ಪಾಲ್ ಬ್ರ್ಯಾಂಡ್ ಅವರಿಗೆ ಒತ್ತಾಸೆಯಾದರು. ಕೈಯ ಶಸ್ತ್ರಚಿಕಿತ್ಸೆಯನ್ನು ಕುಳಿತೇ ಮಾಡಬಹುದಲ್ಲವೇ? ಮೇರಿ ಗಾಲಿಕುರ್ಚಿಯಲ್ಲಿ ಕುಳಿತು ಆ ಕೈಗಳನ್ನು ಸರಿಪಡಿಸಿದರು. ನ್ಯೂಯಾರ್ಕಿನಲ್ಲಿ ತರಬೇತಿ ಪಡೆದು ಮರಳಿ, ವೆಲ್ಲೂರಿನ ಪುನರ್ವಸತಿ ವಿಭಾಗವನ್ನು ಮುನ್ನಡೆಸಿದರು. 1966ರಲ್ಲಿ ಪುನರ್ವಸತಿ ಕೇಂದ್ರವೂ ತೆರೆಯಿತು. 1972ರಲ್ಲಿ ಪದ್ಮಶ್ರೀ ಸಂದಿತು.

ದೇವರು ಈ ಸೇವೆಗಾಗಿಯೇ ಅವರ ಬೆನ್ನು ಮುರಿದನೆಂದು ನಾವು ಹೇಳಬಹುದೇ? ಕೂಡದು ಎಂಬುದು ನನ್ನ ಅಭಿಪ್ರಾಯ. ತನ್ನ ನೋವಿನಲ್ಲಿ ದೈವಸಂಕಲ್ಪವನ್ನು ಕಾಣುವ ಹಕ್ಕು ನೊಂದವರಿಗೆ ಮಾತ್ರ ಸೇರಿದ್ದು. ದೇಹದೊಳಗಿನ ಮುಳ್ಳನ್ನು ತೆಗೆಯೆಂದು ಮೂರು ಬಾರಿ ಬೇಡಿ, ಕೊನೆಗೆ ಅದರಲ್ಲೇ ಕೃಪೆಯನ್ನು ಕಂಡೆನೆಂದು ಬರೆದ ಸಂತ ಪೌಲ ತನ್ನ ಮುಳ್ಳಿನ ಬಗ್ಗೆ ಬರೆದ, ನೆರೆಯವನ ಮುಳ್ಳಿನ ಬಗ್ಗೆ ಅಲ್ಲ. ಅದೇ ಮಾತು ನೋಡುವವರ ಬಾಯಿಂದ ಬಂದಾಗ ಸೋಮಾರಿತನದ ಸಮರ್ಥನೆಯಾಗುತ್ತದೆ. ಪ್ರಾರ್ಥನೆಯಿಂದ ಗುಣವಾಗದವರಿಗೆ 'ನಿನ್ನ ವಿಶ್ವಾಸ ಸಾಲದು' ಎನ್ನುವವರೂ, 'ಪೂರ್ವಜನ್ಮದ ಪಾಪ' ಎನ್ನುವವರೂ ಈ ವಿಷಯದಲ್ಲಿ ಒಂದೇ.

ಸುವಾರ್ತೆಯ ಪ್ರಕಾರ, ಪುನರುತ್ಥಾನಗೊಂಡ ಕ್ರಿಸ್ತನ ಕೈಗಳಲ್ಲೂ ಗಾಯದ ಗುರುತುಗಳಿದ್ದವು. ಪರಿಪೂರ್ಣತೆಯೆಂದರೆ ಗಾಯವಿಲ್ಲದಿರುವುದಲ್ಲ ಎಂಬ ಈ ಅರಿವು ಎಲ್ಲ ಮತದವರಿಗೂ ಸಲ್ಲುವಂಥದು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಅಂಕಿಗಳನ್ನೂ ಮರೆಯಲಾರೆ. 2011ರ ಜನಗಣತಿಯು ದೇಶದಲ್ಲಿ 2.68 ಕೋಟಿ ಅಂಗವಿಕಲರನ್ನು ಗುರುತಿಸಿತು. 2016ರ ಹಕ್ಕುಗಳ ಕಾಯಿದೆ ವೈಕಲ್ಯದ ವರ್ಗಗಳನ್ನು 7ರಿಂದ 21ಕ್ಕೆ, ಸರ್ಕಾರಿ ಉದ್ಯೋಗದ ಮೀಸಲಾತಿಯನ್ನು ಶೇ 3ರಿಂದ 4ಕ್ಕೆ ಏರಿಸಿತು. ಆದರೆ ಕಾಯಿದೆ ತಾನಾಗಿಯೇ ಇಳಿಜಾರು ಹಾದಿ ಕಟ್ಟುವುದಿಲ್ಲ, ಕಡತಕ್ಕೆ ಸಹಿ ಹಾಕುವುದಿಲ್ಲ. ಅದಕ್ಕೆ ಮನುಷ್ಯರ ಕೈ ಬೇಕು.

ಆ ತಾಯಿಯ ಮಗನಿಗೆ ಈಗ ನಲವತ್ತು ದಾಟಿರಬೇಕು. ಅವನ ನೋವಿನ ಉದ್ದೇಶವೇನೆಂದು ನಾನು ಅರಿಯೆ. ಅಂದು ಆ ಮೇಜಿನ ಹಿಂದೆ ನಾನು ಕುಳಿತಿದ್ದುದರ ಉದ್ದೇಶ ಮಾತ್ರ ಸ್ಪಷ್ಟವಾಗಿತ್ತು. ಅದನ್ನು ನೆರವೇರಿಸದೆ, ಹೊಣೆಯನ್ನು ದೇವರ ಮೇಲೆ ಹೊರಿಸಿದೆ.