ಗೆದ್ದವರು ಬರೆಸಿದ ಚಿತ್ರ

ರಕ್ಕಸತಂಗಡಿ ಯುದ್ಧದ ಹೆಸರು ಕೇಳದ ಕನ್ನಡಿಗರು ವಿರಳ. 1565ರ ಜನವರಿಯಲ್ಲಿ ಕೃಷ್ಣಾ ತೀರದಲ್ಲಿ ಅಹ್ಮದನಗರ, ವಿಜಾಪುರ, ಗೋಲ್ಕೊಂಡ, ಬೀದರಗಳ ಸುಲ್ತಾನರು ಒಂದಾಗಿ ವಿಜಯನಗರದ ಸೇನೆಯನ್ನು ಸೋಲಿಸಿದರು. ಆದರೆ ಅದೇ ಕಾಲದಲ್ಲಿ ಬರೆದ ಆ ಯುದ್ಧದ ಚಿತ್ರಗಳು ಇಂದಿಗೂ ಉಳಿದಿವೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲಿ 'ತಾರೀಫ್-ಇ-ಹುಸೇನ್ ಶಾಹಿ' ಎಂಬ ಪಾರ್ಸಿ ಹಸ್ತಪ್ರತಿ ಇದೆ. ಅಹ್ಮದನಗರದ ಹುಸೇನ್ ನಿಜಾಮ್ ಶಾಹನನ್ನು ಹೊಗಳಿ ಆಫ್ತಾಬಿ ಎಂಬ ಕವಿ ರಚಿಸಿದ ಕಾವ್ಯವದು. ಅದರಲ್ಲಿ ಉಳಿದಿರುವ 12 ಪುಟ್ಟ ವರ್ಣಚಿತ್ರಗಳು ದಖ್ಖನಿ ಚಿತ್ರಕಲೆಯ ಅತ್ಯಂತ ಹಳೆಯ ಮಾದರಿಗಳಲ್ಲಿ ಸೇರಿವೆ. ಅವುಗಳಲ್ಲಿ ಕೆಲವು ಈ ಯುದ್ಧಕ್ಕೆ ಸಂಬಂಧಿಸಿದವು. ಸೆರೆಸಿಕ್ಕ ರಾಮರಾಯನ ಶಿರಚ್ಛೇದದ ದೃಶ್ಯವೂ ಒಂದರಲ್ಲಿದೆ.

ಇಂಥ ಚಿತ್ರ ನೋಡುವಾಗ ಅದನ್ನು ಬರೆಸಿದವರು ಯಾರೆಂಬುದನ್ನು ಮರೆಯಬಾರದು. ಗೆದ್ದ ಅರಮನೆಯ ಅನ್ನ ಉಂಡ ಚಿತ್ರಕಾರ ಒಡೆಯನ ಹಿರಿಮೆಯನ್ನೇ ತೋರಿಸುತ್ತಾನೆ. ಕೆಲವೇ ವರ್ಷಗಳ ಹಿಂದೆ ಇದೇ ರಾಮರಾಯನು ವಿಜಾಪುರದ ಸುಲ್ತಾನನ ಜೊತೆಗೂಡಿ ಅಹ್ಮದನಗರದ ಮೇಲೆ ದಂಡೆತ್ತಿ ಹೋಗಿದ್ದ. ಆಮೇಲೆ ಆ ಎರಡು ಸುಲ್ತಾನರ ಮನೆತನಗಳು ಬೀಗರಾದವು. ಹುಸೇನನ ಮಗಳು ಚಾಂದಬೀಬಿ ವಿಜಾಪುರದ ಅಲಿ ಆದಿಲ್ ಶಾಹನ ಕೈಹಿಡಿದಳು. ನಮ್ಮ ಸೊಲ್ಲಾಪುರದ ಕೋಟೆ ವರದಕ್ಷಿಣೆಯಾಗಿ ಹೋಯಿತು. ನಿನ್ನೆಯ ಮಿತ್ರ ಇಂದಿನ ಶತ್ರುವಾದ ಈ ಕಥೆ ಕತ್ತಿಯ ಚಿತ್ರದಲ್ಲಿ ಕಾಣುವುದಿಲ್ಲ.

ಈ ಹಸ್ತಪ್ರತಿಯಲ್ಲಿ ಇನ್ನೊಂದು ವಿಚಿತ್ರವಿದೆ. ಗೆದ್ದ ಹುಸೇನನು ಅದೇ 1565ರಲ್ಲಿ ತೀರಿಕೊಂಡ. ಚಿಕ್ಕ ಮಗ ಮುರ್ತಜಾನ ಹೆಸರಿನಲ್ಲಿ ರಾಣಿ ಖುಂಜಾ ಹುಮಾಯೂನ್ ರಾಜ್ಯ ನಡೆಸಿದಳು. 1569ರಲ್ಲಿ ಮಗನೇ ತಾಯಿಯನ್ನು ಸೆರೆಯಲ್ಲಿಟ್ಟ. ಹಸ್ತಪ್ರತಿಯಲ್ಲಿ ಗಂಡನೊಡನೆ ಕುಳಿತಿದ್ದ ರಾಣಿಯ ರೂಪವನ್ನು ಹಲವು ಪುಟಗಳಲ್ಲಿ ಅಳಿಸಿಹಾಕಲಾಗಿದೆ. ಶತ್ರುವಿನ ಸಾವಿನ ಚಿತ್ರ ಉಳಿಯಿತು, ಮನೆಯ ಒಡತಿಯ ಚಿತ್ರ ಅಳಿಯಿತು! ಹೊರಗಿನ ಹಗೆಯನ್ನು ಗೆದ್ದ ಮನೆ ಒಳಗಿನ ಹಗೆಗೆ ಐದು ವರ್ಷವೂ ತಾಳಲಿಲ್ಲ.

ಮಕ್ಕಳ ಪಾಠಪುಸ್ತಕದಲ್ಲಿ ಯುದ್ಧದ ಚಿತ್ರ ಕಂಡಾಗ ನಾವು ಅವರಿಂದ ಇಸವಿ, ಹೆಸರುಗಳನ್ನು ಬಾಯಿಪಾಠ ಮಾಡಿಸುತ್ತೇವೆ. ಅಷ್ಟಕ್ಕೇ ಬಿಡದೆ ಎರಡು ಪ್ರಶ್ನೆಗಳನ್ನೂ ಕೇಳೋಣ: ಇದನ್ನು ಬರೆಸಿದವರು ಯಾರು? ಇದರಲ್ಲಿ ಯಾರು ಕಾಣುತ್ತಿಲ್ಲ? ಇತಿಹಾಸದ ನಿಜವಾದ ಪಾಠ ಅಲ್ಲಿಂದಲೇ ಮೊದಲಾಗುತ್ತದೆ.